ಕಾಯಿಲೆಗೂ ಮುಯ್ಯಾಳು ಬೇಕು

ಆಪರೇಷನ್ ಮುಗಿಸಿಕೊಂಡು ಊರಿಗೆ ಬಂದ ನನ್ನ ಗೆಳೆಯನ ಮನೆ ಜಗಲಿ ಮೇಲೆ ಆ ವಾರ ಒಂದು ಗೊನೆಯಷ್ಟು ಬಾಳೆಹಣ್ಣು ಸೇರಿತ್ತು. ಬ್ರೆಡ್ಡು, ಬಿಸ್ಕತ್ತು ಬೇರೆ. ರೋಗಿಯನ್ನು ನೋಡಲು ಬರಿಗೈಲಿ ಹೋಗಬಾರದು ಅಂತ ಬಂದವರೆಲ್ಲ ತಂದಿದ್ದರು.

ಅವನಿಗೆ ಆಗಿದ್ದು ಬಾಯಿ ಕ್ಯಾನ್ಸರ್. ಎಡಗೆನ್ನೆಯ ಒಳಭಾಗ, ಕೆಳದವಡೆಯ ಒಂದಿಷ್ಟು ಮೂಳೆ, ಕುತ್ತಿಗೆಯ ಗಂಟುಗಳನ್ನು ತೆಗೆದಿದ್ದರು. ಎದೆಯ ಮಾಂಸವನ್ನು ತಂದು ಕೆನ್ನೆಗೆ ಹೊಲಿದಿದ್ದರು. ಮೂಗಿನಿಂದ ಹೊಟ್ಟೆಗೆ ಒಂದು ಸಣ್ಣ ಪೈಪು. ನೀರೂ ಅದರಲ್ಲೇ, ಗಂಜಿಯೂ ಅದರಲ್ಲೇ. ಆ ಬಾಳೆಹಣ್ಣನ್ನೆಲ್ಲ ಅವನ ಎರಡು ಸೀಮೆಹಸುಗಳು ತಿಂದವು.

ಬಂದವರು ಕೆಟ್ಟವರಲ್ಲ. ಆ ರಾಶಿಯಲ್ಲಿ ಒಂದು ಡಜನ್ ಹಣ್ಣು ನನ್ನದೇ ಇತ್ತು.

ಹಣ್ಣು ಕೊಟ್ಟು ಬಂದವನು ಆಮೇಲೆ 19 ದಿನ ಆ ಕಡೆ ತಲೆ ಹಾಕಲಿಲ್ಲ. ಕೆಲಸ ಇತ್ತು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕು ಅಂದ್ರೆ ಅವನ ಮುಖ ನೋಡೋಕೆ ನನ್ನಿಂದ ಆಗಲಿಲ್ಲ. ಇನ್ನೂ ನಿಜ ಹೇಳಬೇಕು ಅಂದ್ರೆ, ಪಿಯುಸಿ ಓದುವಾಗ ಕಾಲೇಜಿನ ಕಾಂಪೌಂಡ್ ಹಿಂದೆ ಮೊದಲ ಪ್ಯಾಕೆಟ್ ಹರಿದು ಅವನ ಅಂಗೈಗೆ ಅರ್ಧ ಸುರಿದವನು ನಾನೇ. ನಾನು ಬಿಟ್ಟೆ. ಅವನು ಬಿಡಲಿಲ್ಲ.

ಇಪ್ಪತ್ತನೇ ದಿನ ಅವನದೇ ವಾಟ್ಸಾಪ್ ಬಂತು. 'ನಾಳೆ ಬೆಂಗಳೂರಿಗೆ ಹೋಗ್ಬೇಕು. ಬೆಳಗ್ಗೆ ಹಸು ಕರೆದು ಡೈರಿಗೆ ಹಾಲು ಹಾಕ್ತೀಯಾ?' ಅಷ್ಟೇ. ಯಾಕೋ ಬರ್ಲಿಲ್ಲ ಅಂತ ಒಂದು ಮಾತೂ ಇರಲಿಲ್ಲ.

ಮಾರನೇ ದಿನ ಹಾಲು ಹಾಕಿ ಮೆಸೇಜ್ ಮಾಡಿದೆ. 'ಆರೂವರೆ ಲೀಟರ್.' ಅವನು ಕೇಳಿದ, 'ಗೌರಿ ಒದ್ದಳಾ?' 'ಒದ್ದಳು' ಅಂದೆ. ನಗುವ ಮುಖದ ಚಿತ್ರ ಕಳಿಸಿದ. ಕಾಯಿಲೆ ಗೊತ್ತಾದ ಮೇಲೆ ನಾವಿಬ್ಬರೂ ಮಾಮೂಲಿನಂತೆ ಮಾತಾಡಿದ್ದು ಅದೇ ಮೊದಲು.

ಆವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ. ನಮ್ಮ ತಿಪಟೂರು ಸೀಮೆಯಲ್ಲಿ ರಾಗಿ ಕೊಯ್ಲಿಗೆ ಮುಯ್ಯಾಳು ಹೋಗುವುದು ಹೊಸದೇನಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿನ ಲೆಕ್ಕ ಇಲ್ಲ, ಆಳಿನ ಲೆಕ್ಕ ಮಾತ್ರ. ಕೊಯ್ಲಿಗೆ ಇರುವ ಈ ಪದ್ಧತಿ ಕಾಯಿಲೆಗೆ ಯಾಕಿಲ್ಲ? ಕಾಯಿಲೆಯವರ ಮನೆಗೆ ನಾವು ನೋಡೋಕೆ ಹೋಗುತ್ತೇವೆ. ಆಳಾಗಿ ಯಾಕೆ ಹೋಗುವುದಿಲ್ಲ?

ಜನ ಖಾಲಿಯಾಗುವ ಹೊತ್ತು

ಊರಿನ ಕಣ್ಣಿಗೆ ಆಪರೇಷನ್ ಅಂದರೆ ಮುಗಿದ ಹಾಗೆ. ತೆಗೆದುಬಿಟ್ಟರಂತೆ, ಇನ್ನೇನು ಸರಿಹೋಗ್ತಾನೆ ಅಂತಾರೆ. ಆದರೆ ಬಾಯಿ ಕ್ಯಾನ್ಸರಿನಲ್ಲಿ ಬಹಳ ಜನಕ್ಕೆ ಆಪರೇಷನ್ ಗಾಯ ಮಾಗಿದ ಮೇಲೆ ಕರೆಂಟ್ ಕೊಡುತ್ತಾರೆ. ರೇಡಿಯೇಷನ್‌ಗೆ ನಮ್ಮ ಕಡೆ ಇರುವ ಹೆಸರು ಅದು. ನನ್ನ ಗೆಳೆಯನಿಗೆ 30 ಸಲ ಅಂತ ಬರೆದಿದ್ದರು. ವಾರಕ್ಕೆ 5 ದಿನ, ಒಟ್ಟು 6 ವಾರ. ಒಂದು ಸಲಕ್ಕೆ ಕೆಲವೇ ನಿಮಿಷ, ಆದರೆ ದಿನಾ ಹೋಗಲೇಬೇಕು. ಮಧ್ಯೆ ಬಿಟ್ಟರೆ ಚಿಕಿತ್ಸೆಯ ಬಲವೇ ಕುಗ್ಗುತ್ತದೆ.

ಮೊದಲ ವಾರ ಏನೂ ಅನ್ನಿಸುವುದಿಲ್ಲ. ದಿನ ಕಳೆದಂತೆ ಬಾಯೊಳಗೆ ಹುಣ್ಣು, ಎಂಜಲು ಒಣಗುವುದು, ನಾಲಿಗೆಗೆ ರುಚಿ ಹೋಗುವುದು, ಕುತ್ತಿಗೆ ಚರ್ಮ ಕಪ್ಪಾಗಿ ಉರಿಯುವುದು. ಕೊನೆಯ ವಾರಗಳಲ್ಲಿ ಇದು ಜಾಸ್ತಿ. ಕರೆಂಟ್ ಮುಗಿದ ಮೇಲೂ ಕೆಲವು ವಾರ ಇರುತ್ತದೆ.

ಈಗ ಲೆಕ್ಕ ಹಾಕಿ. ಜನ ತುಂಬಿರುವುದು ಆಪರೇಷನ್ ಆದ ವಾರ. ಆಗ ರೋಗಿಗೆ ಬೇಕಾಗಿರುವುದು ವಿಶ್ರಾಂತಿ. ಆಳು ಬೇಕಾಗುವುದು ಎರಡು ಮೂರು ತಿಂಗಳಾದ ಮೇಲೆ. ಆಗ ಜಗಲಿ ಖಾಲಿ. ಎಲ್ಲ ಭಾರ ಒಬ್ಬ ಹೆಂಗಸಿನ ತಲೆ ಮೇಲೆ ಬಿದ್ದಿರುತ್ತದೆ. ನನ್ನ ಗೆಳೆಯನ ಹೆಂಡತಿಯನ್ನು ನಾನು ಅಕ್ಕ ಅಂತಲೇ ಕರೆಯುವುದು. ಹಸು, ಮಕ್ಕಳು, ಅತ್ತೆ, ಪೈಪಿಗೆ ಹಾಕುವ ಗಂಜಿ, ಮಾತ್ರೆ, ಬೆಂಗಳೂರು ಎಲ್ಲವೂ ಅವರೊಬ್ಬರದೇ ಆಗಿತ್ತು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಸರಿ. ಆದರೆ ಕೊಟ್ಟಿಗೆ ಬಿಟ್ಟು ಬಸ್ಸು ಹತ್ತುವುದು ಹೇಗೆ?

ಆರು ವಾರ, ಆರು ಜನ

ಡೈರಿ ಕಾರ್ಯದರ್ಶಿ, ನಾನು, ಅವನ ಭಾವಮೈದುನ ಒಂದು ಸಂಜೆ ಕೂತು ಹಾಳೆಯಲ್ಲಿ ಆರು ವಾರ ಬರೆದೆವು. ಒಬ್ಬೊಬ್ಬರಿಗೆ ಒಂದೊಂದು ವಾರ. ಸೋಮವಾರ ಕರೆದುಕೊಂಡು ಹೋಗುವುದು, ಶುಕ್ರವಾರ ಕರೆಂಟ್ ಮುಗಿದ ಮೇಲೆ ಊರಿಗೆ ಕರೆತರುವುದು. ನಾವು ಮೂವರ ಜೊತೆ ಅವನು ಕಾಯಿ ಸುಲಿಯುತ್ತಿದ್ದ ಗ್ಯಾಂಗಿನ ಇಬ್ಬರು ಒಪ್ಪಿದರು. ಆರನೆಯವರು ಸಿಗಲಿಲ್ಲ. ಆ ವಾರ ಅಕ್ಕನೇ ಹೋದರು, ಮಕ್ಕಳು ನಮ್ಮ ಮನೆಯಲ್ಲಿ ಇದ್ದರು.

ನಾಲ್ಕನೇ ವಾರ ನನ್ನದು. ಬುಧವಾರ 18ನೇ ಕರೆಂಟ್ ಮುಗಿದಿತ್ತು. ಆ ರಾತ್ರಿ ನೀರು ನುಂಗಲೂ ಅವನಿಂದ ಆಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ: 'ಸಾಕು. ಊರಿಗೆ ಹೋಗಣ ನಡಿ.'

ನನಗೆ ಬುದ್ಧಿ ಹೇಳುವ ಧೈರ್ಯ ಬರಲಿಲ್ಲ. ಬೆಳಗ್ಗೆ ಅವನನ್ನು ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿ, ನುಂಗೋಕೆ ಆಗ್ತಿಲ್ಲ, ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತ ಅವನ ಪರವಾಗಿ ನಾನು ಹೇಳಿದೆ. ನೋವಿನ ಔಷಧಿ ಬದಲಾಯಿಸಿದರು, ಬಾಯಿ ಮುಕ್ಕಳಿಸಲು ಬೇರೆ ಔಷಧಿ ಕೊಟ್ಟರು, ಏನು ಕುಡಿಯಬೇಕು ಅಂತ ಬರೆದುಕೊಟ್ಟರು. ಆವತ್ತು 19ನೆಯದು ಆಯಿತು. ಅವನು ಮೂರು ದಿನದಿಂದ ಆ ನೋವನ್ನು ಯಾರಿಗೂ ಹೇಳಿರಲಿಲ್ಲ. ಬಾಯಿ ತೆರೆಯಲಾಗದವನು ಹೇಳುವುದಾದರೂ ಹೇಗೆ? ಪಕ್ಕದಲ್ಲಿ ಒಬ್ಬರು ಇರಬೇಕು ಅನ್ನುವುದು ಇದಕ್ಕೇ. ಅವನೊಬ್ಬನೇ ಇದ್ದಿದ್ದರೆ ಆ ರಾತ್ರಿಯೇ ಬಸ್ಸು ಹತ್ತುತ್ತಿದ್ದ.

ಒಂದೊಂದು ಕೆಲಸ ಹಂಚಿಕೊಳ್ಳಿ

'ಏನಾದ್ರೂ ಬೇಕಾದ್ರೆ ಹೇಳು' ಅನ್ನಬೇಡಿ. ಯಾರೂ ಹೇಳುವುದಿಲ್ಲ. 'ಬೆಳಗಿನ ಹಾಲು ನಾನು ಹಾಕ್ತೀನಿ' ಅನ್ನಿ.

ಒಬ್ಬರು ಫೈಲ್ ಹಿಡಿಯಿರಿ. ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್, ಡಿಸ್ಚಾರ್ಜ್ ಚೀಟಿ ಎಲ್ಲಾ ಒಂದೇ ಕಡೆ ಇರಲಿ, ಫೋನಿನಲ್ಲೂ ಫೋಟೊ ಇರಲಿ. ರೇಷನ್ ಕಾರ್ಡ್, ಆಧಾರ್ ಅದರ ಜೊತೆಗೇ ಇರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಖರ್ಚಿನ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿ, ದಾಖಲಾಗುವ ಮೊದಲೇ ಕೇಳಿ.

ಒಬ್ಬರು ಓಡಾಟ ನೋಡಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಅದಕ್ಕೆ ಆಸ್ಪತ್ರೆಯಿಂದ ರೈಲ್ವೆಯ ಫಾರಂ ಬರೆಸಿಕೊಳ್ಳಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿ ದೂರದಿಂದ ಬಂದವರಿಗೆ ಧರ್ಮಶಾಲೆ ಇದೆ. ಉತ್ತರದ ಜಿಲ್ಲೆಯವರು ಬೆಂಗಳೂರಿಗೇ ಬರಬೇಕು ಅಂತಿಲ್ಲ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರ ಇದೆ.

ಒಬ್ಬರು ಊಟದ ಪೈಪಿನ ಕೆಲಸ ಕಲಿಯಿರಿ. ನರ್ಸಮ್ಮನವರು ಹೇಳಿಕೊಡುತ್ತಾರೆ, ಹೆಂಡತಿಯ ಜೊತೆ ಇನ್ನೊಬ್ಬರೂ ನಿಂತು ಕಲಿತರೆ ಅವರಿಗೆ ಒಂದು ರಾತ್ರಿ ನಿದ್ದೆ ಸಿಗುತ್ತದೆ. ರೋಗಿಯನ್ನು ಕೂರಿಸಿಯೇ ಹಾಕಬೇಕು. ಮಿಕ್ಸಿಗೆ ಹಾಕಿ ಸೋಸಿದ್ದು ಮಾತ್ರ, ನಿಧಾನಕ್ಕೆ. ಆಮೇಲೆ ನೀರು ಹಾಕಿ ಪೈಪು ತೊಳೆಯಬೇಕು, ಅರ್ಧ ಗಂಟೆ ಮಲಗಿಸಬಾರದು. ಕೆಮ್ಮು ಬಂದರೆ ತಕ್ಷಣ ನಿಲ್ಲಿಸಿ. ಪೈಪು ಹೊರಗೆ ಬಂದರೆ ನೀವೇ ತೂರಿಸಲು ಹೋಗಬೇಡಿ, ಆಸ್ಪತ್ರೆಗೆ ಹೋಗಿ.

ಒಬ್ಬರು ಸುಮ್ಮನೆ ಕೂತುಕೊಳ್ಳಿ. ಅವನು ಮಾತಾಡಲಿ ಅಂತ ಕಾಯಬೇಡಿ. ನೀವು ಕೊಬ್ಬರಿ ರೇಟು ಹೇಳಿ, ಮಳೆ ವಿಷಯ ಹೇಳಿ, ಯಾರ ಬೋರು ಫೇಲ್ ಆಯಿತು ಹೇಳಿ. ಅದೇ ಕಾಯಿಲೆ ಬಂದು ಯಾರ್ಯಾರು ಸತ್ತರು ಅಂತ ಮಾತ್ರ ಹೇಳಬೇಡಿ. ಅವನ ಮನೆಯಲ್ಲಿ ನಾನು ಇದ್ದಾಗಲೇ ಒಬ್ಬರು ಮೂರು ಸಾವಿನ ಕಥೆ ಹೇಳಿ, ಕಾಫಿ ಕುಡಿದು ಎದ್ದು ಹೋದರು.

ಹಾಕ್ಕೊಂಡ, ಅನುಭವಿಸ್ತಾನೆ ಅನ್ನುವವರಿಗೆ

ಈ ಮಾತನ್ನು ಅರಳಿಕಟ್ಟೆಯಲ್ಲಿ ನನ್ನ ಕಿವಿಯಾರೆ ಕೇಳಿದೆ. ಆಡಿದವರ ಬಾಯಲ್ಲೂ ಹೊಗೆಸೊಪ್ಪು ಇತ್ತು. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಈಗ ಪಾನ್ ಮಸಾಲ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು ಪ್ಯಾಕೆಟ್ಟಾಗಿ ಅಂಗಡಿ ಮುಂದೆ ಅಕ್ಕಪಕ್ಕ ನೇತಾಡುತ್ತವೆ. ಎರಡನ್ನೂ ಬೆರೆಸಿ ಹಾಕಿಕೊಳ್ಳುತ್ತೇವೆ. ಅವನ ತಪ್ಪು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ತಪ್ಪು ಅವನೊಬ್ಬನದಲ್ಲ, ಅದರಲ್ಲಿ ಅರ್ಧ ಪ್ಯಾಕೆಟ್ ನನ್ನದು.

ಲೋಟ ಬೇರೆ ಇಡುವವರಿಗೂ ಒಂದು ಮಾತು. ಕ್ಯಾನ್ಸರ್ ಎಂಜಲಿನಿಂದ ಅಂಟುವ ಕಾಯಿಲೆ ಅಲ್ಲ. ನಮ್ಮೂರ ಹೋಟೆಲಿನಲ್ಲಿ ಎಲ್ಲರಿಗೂ ಗಾಜಿನ ಲೋಟ, ಅವನಿಗೆ ಮಾತ್ರ ಪೇಪರ್ ಕಪ್ ಕೊಟ್ಟರು. ಅವನು ಏನೂ ಅನ್ನಲಿಲ್ಲ, ಮತ್ತೆ ಆ ಕಡೆ ಹೋಗಲೂ ಇಲ್ಲ. ಕೆನ್ನೆ ಕೊಯ್ದ ನೋವು ಮಾಗಿತು, ಇದು ಮಾಗಿಲ್ಲ.

ನಾಟಿ ಔಷಧಿ, ಯಾವುದೋ ಬೇರು ಅಂತ ಹೇಳುವವರೂ ಬರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದನ್ನು ನಂಬಿ ಆಸ್ಪತ್ರೆಯ ತಾರೀಖು ತಪ್ಪಿದರೆ ಕಾಯಿಲೆ ಕಾಯುವುದಿಲ್ಲ. ಆ ತಾರೀಖು ತಪ್ಪದಂತೆ ನೋಡಿಕೊಳ್ಳುವುದೇ ಗೆಳೆಯನ ಕೆಲಸ.

'ನಮಗೂ ನಮ್ಮ ಕೆಲಸ ಇದೆಯಲ್ಲ' ಅಂತ ಕೇಳಬಹುದು. ಇದೆ. ಅದಕ್ಕೇ ಮುಯ್ಯಾಳು ಅಂದೆ. ಒಬ್ಬನೇ ಆರು ವಾರ ಹೋದರೆ ಅವನ ಮನೆ ಮುಳುಗುತ್ತದೆ. ಆರು ಜನ ಒಂದೊಂದು ವಾರ ಹೋದರೆ ಯಾರ ಮನೆಯೂ ಮುಳುಗುವುದಿಲ್ಲ. ಹಾಲಿನ ಸಂಘ, ಹೆಂಗಸರ ಸಂಘ, ಯುವಕರ ಗುಂಪು ಎಲ್ಲ ಊರಲ್ಲೂ ಇದೆ. ಗಣೇಶ ಕೂರಿಸಲು ಹೆಸರು ಬರೆಯುವ ಹಾಳೆಯಲ್ಲೇ ಇದನ್ನೂ ಬರೆಯಬಹುದು.

ಒಂದು ಆಳು ಕಾಯಿಲೆಗಿಂತ ಮೊದಲೇ ಹೋಗಬೇಕು. ನಿಮ್ಮ ಗೆಳೆಯನಿಗೆ ಖಾರ ತಿಂದರೆ ಬಾಯಿ ಉರಿಯುತ್ತದೆಯಾ? ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲವಾ? ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ, ಹುಣ್ಣು ಎರಡು ಮೂರು ವಾರವಾದರೂ ಮಾಗಿಲ್ಲವಾ? ಬೈಕಿನಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ತಂಬಾಕು ಬಿಡಬೇಕು ಅನ್ನುವವರಿಗೆ 1800 11 2356 ಉಚಿತ ಸಹಾಯವಾಣಿ ಇದೆ. ಆ ನಂಬರ್ ಪ್ಯಾಕೆಟ್ ಮೇಲೇ ಇದೆ, ನಾವು ಓದುವುದಿಲ್ಲ.

ಕರೆಂಟ್ ಮುಗಿದು ಈಗ ಎಂಟು ತಿಂಗಳು. ಬಾಯಿ ಬಿಗಿಯಬಾರದು ಅಂತ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ಸೇರಿಸಿಕೊಂಡು ದಿನಾ ವ್ಯಾಯಾಮ ಮಾಡುತ್ತಾನೆ. ಈ ವಾರ 11 ಕಡ್ಡಿ. ಎಡಭುಜ ಇನ್ನೂ ಪೂರ್ತಿ ಮೇಲೇಳುವುದಿಲ್ಲ, ಕಾಯಿ ಸುಲಿಯುವ ಕೆಲಸಕ್ಕೆ ಹೋಗಿಲ್ಲ. ಮಾತು ತೊದಲುತ್ತದೆ, ನಮಗೆ ಅರ್ಥವಾಗುತ್ತದೆ. ಮುದ್ದೆ ತಿನ್ನುತ್ತಾನೆ. ಅಗಿಯದೆ ನುಂಗುವ ಊಟ ನಮ್ಮದು, ಪುಣ್ಯ. ಸಾರಿಗೆ ಮಾತ್ರ ಖಾರ ಹಾಕುವಂತಿಲ್ಲ.

ಕಾಯಿಲೆ ಪೂರ್ತಿ ಹೋಯಿತು ಅಂತ ಡಾಕ್ಟರು ಹೇಳಿಲ್ಲ, ಮೊದಲ ಎರಡು ವರ್ಷ ಒಂದು ತಪಾಸಣೆಯೂ ತಪ್ಪಬಾರದು ಅಂದಿದ್ದಾರೆ. ಸೋಮವಾರ ಮತ್ತೆ ಹೋಗಬೇಕು. ಈ ಸಲ ಅವನ ಜೊತೆ ನಾನು. ನಮ್ಮಿಬ್ಬರ ಮನೆ ಹಸುವಿನ ಹಾಲು ಹಾಕಲು ಗ್ಯಾಂಗಿನ ಹುಡುಗ ಒಪ್ಪಿದ್ದಾನೆ. ಗೌರಿ ಒದೆಯುತ್ತಾಳೆ ಅಂತ ಅವನಿಗೆ ಹೇಳಿದ್ದೇನೆ.

ನಿಮ್ಮೂರಲ್ಲೂ ಇಂಥ ಒಂದು ಮನೆ ಇರುತ್ತದೆ. ಇವತ್ತು ಸಂಜೆ ಹೋಗಿ. ಬಾಳೆಹಣ್ಣು ಬೇಡ, ಒಂದು ಕೆಲಸ ಕೇಳಿ ತೆಗೆದುಕೊಳ್ಳಿ.