ಓಣಿ ಏರಿತು, ಹೊಸ್ತಿಲ ಮುಳುಗಿತು

ರೋಹಿಣಿ ಮಳಿ ಈ ಸಲ ಜೋರನ ಬಂತು. ರಾತ್ರಿ ಹನ್ನೊಂದರ ಸುಮಾರು, ಕರೆಂಟ ಹೋಗಿತ್ತು. ಅಡಗಿಮನಿ ಕಿಡಕಿ ಹಾಕಿ ಇನ್ನೇನು ಮಲಗಬೇಕು ಅನ್ನೂದ್ರಾಗ ಮೂರು ಮನಿ ಆಚೆ ಇರೋ ಕಾಕು ಚೀರೂದು ಕೇಳಿಸ್ತು. ಕಳ್ಳರು ಬಂದ್ರೇನೋ ಅಂತ ನಾನೂ ನಮ್ಮ ಮನಿಯವರೂ ಬ್ಯಾಟರಿ ಹಿಡಕೊಂಡು ಓಡಿದ್ವಿ. ಕಳ್ಳರಲ್ಲ, ನೀರು! ಬಾಗಲ ಕೆಳಗಿಂದ ಗಟಾರದ ನೀರು ಒಳಗ ನುಗ್ಗಲಿಕತ್ತಿತ್ತು. ಮಂಚದ ಕೆಳಗ ಇಟ್ಟಿದ್ದ ಜ್ವಾಳದ ಚೀಲ ಅರ್ಧ ನೆನದಿತ್ತು. ಬ್ಯಾಸಗ್ಯಾಗ ನಾವೆಲ್ಲಾ ಕೂಡಿ ಲಟ್ಟಿಸಿದ ಹಪ್ಪಳದ ಡಬ್ಬಿ ತೇಲಿಕೋತ ದೇವರಮನಿ ಬಾಗಲಕ್ಕ ಬಂದು ನಿಂತಿತ್ತು. ಎಪ್ಪತ್ತಾರು ವರ್ಷದ ಜೀವ, ಸೀರಿ ಎತ್ತಿ ಕಟ್ಟಿಕೊಂಡು ಪರಾತದಲೆ ನೀರು ತೋಡಿ ತೋಡಿ ಹೊರಗ ಚೆಲ್ಲಲಿಕತ್ತಿದ್ರು. ಚೆಲ್ಲಿದ ನೀರು ಹಂಗ ಹೊಳ್ಳಿ ಒಳಗ ಬರ್ತಿತ್ತು. ಯಾಕಂದ್ರ ಹೊರಗಿನ ರಸ್ತಾನ ಒಳಗಿನ ನೆಲಕ್ಕಿಂತ ಎತ್ತರ ಆಗೇದ.

ರಾತ್ರಿ ಎರಡರ ತನಕ ನಾಕೈದು ಮಂದಿ ಕೂಡಿ ನೀರು ತೋಡಿದ್ವಿ. ಕಡೀಕ ಕಾಕು ಅಲ್ಲೇ ಮಂಚದ ಮ್ಯಾಲೆ ಕಾಲು ಮಡಚಿಕೊಂಡು ಕೂತು ಒಂದು ಮಾತು ಅಂದ್ರು. “ಈ ರಸ್ತಾದ ಪೂಜಿ ದಿನಾ ಆರತಿ ತಾಟು ಹಿಡದಾಕಿ ನಾನ ನೋಡವಾ.”

ಆ ಮಾತು ನನ್ನ ಎದ್ಯಾಗ ಕೂತದ, ಏಳವಲ್ದು. ಅದಕ್ಕ ಇದನ್ನ ಬರೀಲಿಕತ್ತೇನಿ. ಉಪ್ಪಿನಕಾಯಿ, ಚಟ್ನಿಪುಡಿ ಬರಕೊಂಡಿದ್ದಾಕಿ ಇದೇನು ರಸ್ತಾ, ಗಟಾರ ಹಿಡದ್ಳು ಅನಬ್ಯಾಡ್ರಿ. ಗಟಾರ ಅಡಗಿಮನಿಗೆ ಬಂದ ಮ್ಯಾಲೆ ಅದು ಅಡಗಿಮನಿ ಮಾತನ ಆತು.

ಲೆಕ್ಕ ಹೇಳ್ತೇನಿ, ಕೇಳ್ರಿ. ನಮ್ಮ ಮನಿ ಕಟ್ಟಿದ್ದು 1994ರಾಗ. ಆವಾಗ ಓಣಿಯಿಂದ ಹೊಸ್ತಿಲಕ್ಕ 3 ಪಾವಟಗಿ ಇದ್ದವು, ಒಂದೊಂದು 6 ಇಂಚು. ಅಂದ್ರ 18 ಇಂಚು. ಮೊದಲ ಮಣ್ಣಿನ ಹಾದಿ ಇತ್ತು. ಆಮ್ಯಾಲೆ ಖಡಿ ಹಾಸಿ ಡಾಂಬರು ಹಾಕಿದ್ರು, 5 ಇಂಚು ಏರಿತು. ಮತ್ತ ಇಲೆಕ್ಷನ್ ಬಂತು, ಹಳೇ ಡಾಂಬರಿನ ಮ್ಯಾಲೆ ಹೊಸಾ ಡಾಂಬರು, ಇನ್ನೊಂದು 2 ಇಂಚು. ಮೂರು ವರ್ಷದ ಹಿಂದ ಕಾಂಕ್ರೀಟ ಬಂತು. ಕೆಳಗ 4 ಇಂಚಿನ ಹಾಸು, ಅದರ ಮ್ಯಾಲೆ 6 ಇಂಚಿನ ಕಾಂಕ್ರೀಟ. ಎಲ್ಲಾ ಕೂಡಿಸಿದ್ರ 17 ಇಂಚು. ನನಗ ಉಳದದ್ದು ಒಂದ ಒಂದು ಇಂಚು. ಕಾಕು ಮನಿ ನಮ್ಮನಿಗಿಂತ ಹಳೇದು, ಅವರಿಗೆ ಮೊದಲಿಂದ ಎರಡ ಪಾವಟಗಿ, 12 ಇಂಚು. ಅವರ ಹೊಸ್ತಿಲ ಈಗ ರಸ್ತಾಕ್ಕಿಂತ 5 ಇಂಚು ಕೆಳಗ ಅದ. ಮನಿ ಒಂದು ಕೂದಲೆಳಿಯಷ್ಟೂ ಇಳದಿಲ್ಲ. ಓಣಿ ಏರೇದ. ಆದ್ರ ಮಂದಿ ಆಡೂ ಮಾತು ಏನು? “ಕಾಕು ಮನಿ ಭಾಳ ತಗ್ಗಿನಾಗ ಅದ” ಅಂತ. ಅಲ್ಲಿಗೆ ತಪ್ಪು ಮನೀದ ಆಗಿ ಹೋತು!

ಹುಬ್ಬಳ್ಳ್ಯಾಗಿರೋ ನನ್ನ ತಂಗಿಗೂ ಬೆಳಗಾವ್ಯಾಗಿರೋ ನಾದಿನಿಗೂ ಫೋನ್ ಹಚ್ಚಿ ಕೇಳಿದೆ. ಅವರ ಓಣ್ಯಾಗೂ ಇದ ಕಥಿ. ನೀವೂ ಇವತ್ತ ಸಂಜಿಮುಂದ ಅಂಗಳಕ್ಕ ನಿಂತು, ಮನಿ ಕಟ್ಟಿದಾಗ ಎಷ್ಟು ಪಾವಟಗಿ ಇದ್ದವು, ಈಗ ಎಷ್ಟು ಕಾಣ್ತಾವ, ಎಣಿಸಿ ನೋಡ್ರಿ.

ಇದಕ್ಕ ಔಷಧ ಇಲ್ಲ ಅಂತಲ್ಲ. ಗ್ವಾಡಿಗೆ ಸುಣ್ಣಾ ಹಚ್ಚೂ ಮುಂದ ಹಳೇ ಪದರ ಕೆರದು ತಗೀತೇವಿಲ್ಲೋ? ಹಂಗ ರಸ್ತಾನೂ ಕೆರೀಬೇಕು. ಡಾಂಬರು ಕೆರಿಯೋ ಮಶೀನ ಅದ, ಆ ಕೆಲಸಕ್ಕ ಮಿಲ್ಲಿಂಗ್ ಅಂತಾರ. ಎಷ್ಟು ದಪ್ಪ ಕೆರೀತೀರೋ ಅಷ್ಟ ದಪ್ಪ ಹೊಸಾದು ಹಾಕಿದ್ರ ರಸ್ತಾ ಇದ್ದಲ್ಲೇ ಇರ್ತದ. ಕೆರದ ಡಾಂಬರು ಹೊಳ್ಳಿ ಬಳಸ್ಲಿಕ್ಕೂ ಬರ್ತದ. ತಮಿಳುನಾಡಿನಾಗ ಈ ಕಾಟ ಹೆಚ್ಚಾಗಿ 2021ರಾಗ ಅಲ್ಲಿಯ ಮುಖ್ಯ ಕಾರ್ಯದರ್ಶಿಗಳು, ಹಳೇ ಪದರ ಕೆರದ ಮ್ಯಾಲೇನ ಹೊಸಾ ರಸ್ತಾ ಹಾಕಬೇಕು, ಮನಿಗಳು ತಗ್ಗಿಗೆ ಬೀಳಬಾರದು ಅಂತ ಅಧಿಕಾರಿಗಳಿಗೆ ಸೂಚನಾ ಕೊಟ್ರು. ಅಷ್ಟೊತ್ತಿಗೆ ಚೆನ್ನೈದಾಗ ಎಷ್ಟೋ ಮಂದಿ ಮನಿ ಬುನಾದಿಗೆ ಸಾಲಾಗಿ ಜಾಕ್ ಹಚ್ಚಿಸಿ, ಇಡೀ ಮನೀನ ಮ್ಯಾಲೆ ಎತ್ತಿಸಿಕೊಂಡಿದ್ರು. ಮೋಟರ್ ಪಂಕ್ಚರ್ ಆದಾಗ ಎತ್ತತಾರಲ್ಲ, ಹಂಗ! ಕಾಂಕ್ರೀಟಂತೂ ಡಾಂಬರಿನಂಗ ಸುಲಭ ಕೆರೀಲಿಕ್ಕೆ ಬರಂಗಿಲ್ಲ, ಒಡೀಬೇಕು. ಅದಕ್ಕ ಅದು ಬೀಳೂ ಮುಂಚೇನ ಮಟ್ಟ ನೋಡಬೇಕು. ನಮ್ಮ ಓಣ್ಯಾಗ ಯಾರೂ ನೋಡಲಿಲ್ಲ. ಫೋಟೋಕ್ಕ ನಿಂತ್ವಿ, ಪೇಢೆ ತಿಂದ್ವಿ.

ಮಳಿ ಆದ ಮರುದಿನ ಐದು ಮಂದಿ ಹೆಣಮಕ್ಕಳು ಕೂಡಿ ಆಫೀಸಿಗೆ ಹೋದ್ವಿ. ಕುರ್ಚ್ಯಾಗ ಕೂತಿದ್ದ ಸಾಹೇಬ್ರು ಮೊದಲ ಕೇಳಿದ್ದು, “ಗಂಡಸರು ಯಾರೂ ಬಂದಿಲ್ಲೇನ್ರಿ?” ಆಮ್ಯಾಲೆ ಹೇಳಿದ್ದು, “ಹಳೇ ಮನಿ ಇದ್ದ ಮ್ಯಾಲೆ ನೀವ ನೆಲ ಎತ್ತರಿಸಿಕೋಬೇಕ್ರಿ. ಅಭಿವೃದ್ಧಿ ಅಂದ್ರ ಸ್ವಲ್ಪ ತ್ರಾಸ ಇರೂದ.”

ಯಾರಿಗೆ ತ್ರಾಸ, ಯಾರಿಗೆ ಅಭಿವೃದ್ಧಿ ಅಂತ ನಾನು ಅಲ್ಲೇ ಕೇಳಬೇಕಾಗಿತ್ತು. ಬಾಯಿ ಬರಲಿಲ್ಲ, ಈಗ ಕೇಳ್ತೇನಿ. ನೆಲ ಎತ್ತರಿಸೂದು ಅಂದ್ರ ಪಾಟ್ಲಿ ಮ್ಯಾಲೆ ಚಾಪಿ ಹಾಸಿದಂಗಲ್ಲ. ನೆಲ ಏರಿದ್ರ ಬಾಗಲ ಗಿಡ್ಡ ಆಗ್ತಾವ, ಕಿಡಕಿ ಮೊಣಕಾಲಿಗೆ ಬರ್ತಾವ. ಒಲಿಕಟ್ಟಿ, ಬಚ್ಚಲ, ಸಂಡಾಸ ಎಲ್ಲಾ ಒಡದು ಮತ್ತ ಕಟ್ಟಬೇಕು. ಗವಂಡಿ ಬಂದು ನೋಡಿ ಒಂದೂವರಿ ಲಕ್ಷ ಅಂದ. ಗಂಡನ ಪೆನ್ಶನ್‌ದಾಗ ಅರ್ಧ ಪಾಲು ಬರೋ ಒಬ್ಬಂಟಿ ಹೆಣಮಗಳು ಎಲ್ಲಿಂದ ತರಬೇಕು? ರೊಕ್ಕ ಇದ್ದವರು ಹೊಸಾ ಮನಿ ಕಟ್ಟೂ ಮುಂದ “ಮುಂದ ರಸ್ತಾ ಏರ್ತದ” ಅಂತ ಮೊದಲ 3 ಫೂಟು ಎತ್ತರಿಸಿ ಕಟ್ಟತಾರ. ಅವರ ನೀರು ಬಾಜೂದವರಿಗೆ. ಬಾಜೂದವರು ಎತ್ತರಿಸಿದ್ರ ಅದರ ಬಾಜೂದವರಿಗೆ. ಹಿಂಗ ಏರಿಕೋತ ಹೋಗಿ ಕಡೀಕ ಎಲ್ಲಾರ ನೀರೂ ಯಾರ ಕಡೆ ರೊಕ್ಕ ಇಲ್ಲೋ, ಯಾರು ಬಾಡಿಗಿ ಮನ್ಯಾಗ ಇದ್ದಾರೋ, ಅವರ ಒಲಿ ಬುಡಕ್ಕ ಹೋಗಿ ನಿಲ್ತದ.

ಇಲ್ಲೀ ತನಕ ಓದಿ ನೀವು “ಹೌದ್ ಹೌದ್, ಆಫೀಸಿನವರದ ತಪ್ಪು” ಅಂದಿರಬೇಕು. ತಡೀರಿ. ಈಗ ನಮ್ಮ ಪಾಳಿ.

ನಮ್ಮ ಓಣ್ಯಾಗ 22 ಮನಿ ಅವ. ಮೊನ್ನೆ ವಾಕಿಂಗ್ ಹೋಗೂ ಮುಂದ ಎಣಿಸಿದೆ. 17 ಮನಿ ಮುಂದ ಗಟಾರದ ಮ್ಯಾಲೆ ಸಿಮೆಂಟಿನ ರ‍್ಯಾಂಪ್ ಅದ, ಗಾಡಿ ಹತ್ತಿಸಲಿಕ್ಕೆ. ಅದರಾಗ 14 ಮನಿಯವು ಗಟ್ಟಿ ಮುಚ್ಚಿದವು, ಒಂದು ಕಸಬರಿಗಿ ಕಡ್ಡೀನೂ ಒಳಗ ಹೋಗಂಗಿಲ್ಲ. ಅದರಾಗ ನಮ್ಮನಿದೂ ಒಂದು. ಮಗಾ ಬೈಕ್ ತಗೊಂಡಾಗ ಮಾಡಿಸಿದ್ದು, ನಾನ ಮುಂದ ನಿಂತು ಮಾಡಿಸಿದ್ದು. ಗಟಾರ ಬಳಿಯೋರು ಬಂದಾಗ ಎಲ್ಲಿ ಬಾಯಿ ತೆರದದ ಅಲ್ಲಿ ಬಳದು ಹೋಗ್ತಾರ. ಮುಚ್ಚಿದ್ದು ಹಂಗ ಉಳೀತದ. ಆಮ್ಯಾಲೆ ನಾವ ಅಂತೇವಿ, “ಈ ಮಂದಿ ಕೆಲಸಾನ ಮಾಡಂಗಿಲ್ಲ!”

ಮೊದಲ ಓಣ್ಯಾಗ ನಾಕು ಸೈಕಲ್ ಇದ್ದವು. ಈಗ ಮನಿಗೆ ಎರಡು ಬೈಕು, ಒಂದು ಕಾರು. ಕಾರು ನಿಲ್ಲಿಸಬೇಕಾದ ಜಾಗಾದಾಗ ಒಂದು ಖೋಲಿ ಕಟ್ಟಿ ಬಾಡಿಗಿ ಕೊಟ್ಟೇವಿ, ಕಾರು ಹೊರಗ ಗಟಾರದ ಮ್ಯಾಲೆ. ಬಾಡಿಗಿ ನಮಗ, ಜಾಗಾ ಊರಿಂದು. ಎರಡೂ ಕಡೆ ಕಾರು ನಿಂತ್ರ ಕಸದ ಗಾಡಿ ಒಳಗ ಬರಂಗಿಲ್ಲ. ಅದು ಮೂಲ್ಯಾಗ ಹಾಡು ಹಾಕಿಕೊಂಡು ನಿಂತು ಹೋಗಿಬಿಡ್ತದ. ಓಡಿ ಮುಟ್ಟಿದವರು ಹಾಕ್ತಾರ, ಮುಟ್ಟದವರು ಕತ್ತಲಾದ ಮ್ಯಾಲೆ ಗಟಾರಕ್ಕ ಒಗೀತಾರ. ಯಾರು ಅಂತ ಹೆಸರು ಹೇಳಂಗಿಲ್ಲ, ಓದಲಿಕತ್ತವರಿಗೆ ಗೊತ್ತದ.

ಇನ್ನ ಅಂಗಳ. ಹಿಂದ ಎಲ್ಲಾರ ಹಿತ್ತಲದಾಗೂ ನುಗ್ಗಿಗಿಡ, ಕರಿಬೇವು, ಒಂದು ಪಾರಿಜಾತ ಇರ್ತಿದ್ದವು. ಮಣ್ಣಿತ್ತು, ನೀರು ಕುಡೀತಿತ್ತು. ಈಗ ಗೇಟಿನ ತನಕ ಟೈಲ್ಸ್. ಮಾಳಗಿ ನೀರಿನ ಪೈಪು ಸೀದಾ ರಸ್ತಾಕ್ಕ. ಇದರ ಲೆಕ್ಕ ನೋಡಿದ್ರ ಗಾಬರಿ ಆಗ್ತದ. 30×40 ಸೈಟಿನ ಮ್ಯಾಲೆ 50 ಮಿಲಿಮೀಟರ್ ಮಳಿ ಬಿದ್ರ ಸುಮಾರು 5,500 ಲೀಟರ್ ನೀರು. ನಮ್ಮ ಪ್ಲಾಸ್ಟಿಕ್ ಕೊಡ 15 ಲೀಟರಿಂದು ಅಂತ ಹಿಡದ್ರ, ಒಂದು ಮನಿಯಿಂದ 350ಕ್ಕಿಂತ ಹೆಚ್ಚು ಕೊಡ! 22 ಮನಿ ಕೂಡಿ 1 ಲಕ್ಷ 20 ಸಾವಿರ ಲೀಟರ್. ನಳಕ್ಕ ನೀರು ಬಂದ ದಿನಾ ಎರಡು ಕೊಡಕ್ಕ ಜಗಳಾ ಆಡಾವರು ನಾವು, ಒಂದ ರಾತ್ರ್ಯಾಗ ಮನಿಗೆ 350 ಕೊಡ ನೀರು ಕಾಕು ಮನಿಗೆ ಕಳಸೇವಿ. ಹೋಗ್ಲಿಕ್ಕೆ ಇದ್ದ ಗಟಾರದ ಬಾಯಿ ನಾವ ಮುಚ್ಚೇವಿ, ಮತ್ತೆಲ್ಲಿ ಹೋಗಬೇಕು ಅದು?

ದೊಡ್ಡ ಮನಿ ಕಟ್ಟಿದ್ರ ಪಾರಾಗ್ತೇವಿ ಅಂತ ತಿಳಕೋಬ್ಯಾಡ್ರಿ. 2022ರ ಸಪ್ಟೆಂಬರದಾಗ ಬೆಂಗಳೂರಿನಾಗ ಕೋಟಿಗಟ್ಟಲೆ ರೊಕ್ಕದ ಬಂಗಲೆ ಮಂದಿ ಟ್ರ್ಯಾಕ್ಟರ್ ಹತ್ತಿ ಹೊರಗ ಬಂದದ್ದನ್ನ ಟೀವ್ಯಾಗ ನಾವೆಲ್ಲಾ ನೋಡೇವಿ. ನೀರಿಗೆ ಹಾದಿ ಬಿಡದಿದ್ರ ಅದು ಬಾಗಲಾ ಬಡದು ಕೇಳಿ ಬರಂಗಿಲ್ಲ.

“ಹಂಗಾದ್ರ ರಸ್ತಾನ ಬ್ಯಾಡೇನು? ಮತ್ತ ಕೆಸರಾಗ ಓಡಾಡೂದೇನು?” ಅಂತ ನಮ್ಮ ಎದುರಮನಿ ವೈನಿ ಕೇಳಿದ್ರು. ವೈನಿ, ಕೆಸರಾಗ ಮಗನ ಸಾಲಿ ಬೂಟು ದಿನಾ ತೊಳದಾಕಿ ನಾನು, ನನಗೂ ರಸ್ತಾ ಬೇಕು. ಆದ್ರ ಗಟಾರ ಮೊದಲ, ರಸ್ತಾ ಆಮ್ಯಾಲೆ. ಹೊಸ್ತಿಲ ಮ್ಯಾಲೆ, ರಸ್ತಾ ಕೆಳಗ. ಇಷ್ಟ ನಾನು ಕೇಳೂದು. ಶುಕ್ರವಾರಕ್ಕೊಮ್ಮೆ ಹೊಸ್ತಿಲಕ್ಕ ಅರಿಶಿಣ ಕುಂಕುಮ ಹಚ್ಚಾವರು ನಾವು. ಅದರ ಎತ್ತರದ ಮಾತು ಬಂದಾಗ ನಮ್ಮನ್ನ ಕೇಳದ ಹ್ಯಾಂಗ ಮಟ್ಟ ಹಿಡೀತಾರ?

ಈಗ ಮಾಡೂದೇನು ಅಂತ ಹೇಳ್ತೇನಿ. ನಿಮ್ಮ ಓಣ್ಯಾಗ ರಸ್ತಾ ಕೆಲಸ ಬರ್ತದ ಅಂತ ಸುದ್ದಿ ಬಂದ ದಿನಾನ ಹೊಸ್ತಿಲದಿಂದ ರಸ್ತಾಕ್ಕ ಎಷ್ಟು ಇಂಚು ಅದ ಟೇಪ್ ಹಿಡದು ಅಳೀರಿ, ಕಂಪೌಂಡಿಗೆ ಪೇಂಟಿನ ಗುರ್ತು ಹಾಕಿ ಫೋಟೋ ತಗೀರಿ. ಕೆಲಸದ ಎಸ್ಟಿಮೇಟಿನಾಗ ಹಳೇದನ್ನ ಕೆರಿಯೂದು ಬರದಾರೇನು, ಗಟಾರ ಬರದಾರೇನು ಕೇಳ್ರಿ. ಬರೀದಿದ್ರ ಗುತ್ತಿಗೆದಾರ ಮಾಡಂಗಿಲ್ಲ, ಅವನಿಗೆ ಅದರ ರೊಕ್ಕಾನ ಬರಂಗಿಲ್ಲ. ಬಾಯಿಲೆ ಹೇಳದಿದ್ರ 2005ರ ಮಾಹಿತಿ ಹಕ್ಕಿನ ಕಾಯ್ದೆ ಅದ. 10 ರೂಪಾಯಿ ಕಟ್ಟಿ ಅರ್ಜಿ ಕೊಟ್ರ 30 ದಿನದಾಗ ಉತ್ತರ ಕೊಡಬೇಕು, ಬಿಪಿಎಲ್ ಕಾರ್ಡ ಇದ್ದವರಿಗೆ ಅದೂ ಇಲ್ಲ. ಕನ್ನಡದಾಗ ಬರದ್ರ ಸಾಕು. ಓಣ್ಯಾಗಿನ ಎಲ್ಲಾಕ್ಕಿಂತ ತಗ್ಗಿನ ಮನಿ ಯಾವುದೋ ಅದರ ಹೊಸ್ತಿಲ ನೋಡಿ ಮಟ್ಟ ಹಿಡೀರಿ ಅಂತ ನಿಂತು ಹೇಳ್ರಿ, ಎತ್ತರದ ಮನಿಯವರೂ ಹೇಳ್ರಿ.

ಆದ್ರ ಅದಕ್ಕೂ ಮೊದಲ ನಮ್ಮ ರ‍್ಯಾಂಪ್ ಒಡೀಬೇಕು. ಇಲ್ಲಾಂದ್ರ ಆಫೀಸಿನಾಗ ನಮ್ಮ ಮಾತಿಗೆ ಏನು ತೂಕ?

ನಾನು ಒಡಸಿದೆ. ನಮ್ಮ ಮನಿಯವರು ಒಂದು ವಾರ ಮಾತಾಡಲಿಲ್ಲ. “ಎಲ್ಲಾರೂ ಒಡೀಲಿ, ಆಮ್ಯಾಲೆ ನಾವು” ಅನ್ನೂದು ಅವರ ವಾದ. ಎಲ್ಲಾರೂ ಹಿಂಗ ಅಂದದ್ದಕ್ಕ ಕಾಕು ಹಪ್ಪಳ ತೇಲಿದ್ವು ಅಂದೆ. ಕೆಳಗ ಏನೇನಿತ್ತು ಕೇಳ್ರಿ. ಹಾಲಿನ ಪಾಕೀಟು, ತೆಂಗಿನ ಚಿಪ್ಪು, ಒಂದು ಪ್ಲಾಸ್ಟಿಕ್ ಚೆಂಡು, ನಾನ ಒಗದ ಹಳೇ ಪಾತ್ರಿ ತಿಕ್ಕೂ ಜಾಳಗಿ, ಮಳ್ಳಮಾರಿ ಹಂಗ ಗಟ್ಟಿಯಾದ ಕರೀ ರಾಡಿ. ಮೂರು ಬುಟ್ಟಿ ತಗದು ಹಾಕಿದ್ವಿ, ನಿಂತ ನೀರು ನಮ್ಮ ಕಣ್ಣ ಮುಂದನ ಹರೀಲಿಕತ್ತಿತು. ಈಗ ಆ ಜಾಗಾಕ್ಕ ಎತ್ತಿಡೂವಂಥಾ ಕಬ್ಬಿಣದ ಜಾಳಗಿ ಹಾಕಿಸೇನಿ, ಬೈಕ್ ಆರಾಮ ಹತ್ತತದ. ಗೇಟಿನ ಬಾಜೂಕ ನಾಕು ಟೈಲ್ಸ್ ಕಿತ್ತಿಸಿ ಕರಿಬೇವು ಹಚ್ಚೇನಿ. ಮಾಳಗಿ ಪೈಪು ಒಂದು ಬ್ಯಾರಲ್‌ಗೆ ಇಳಿಸೇನಿ. 350 ಕೊಡ ಹಿಡದಿಲ್ಲ, ಖರೆ. ಹದಿನೈದು ಕೊಡ ಹಿಡದದ.

ನನ್ನ ನೋಡಿ ಎರಡು ಮನಿಯವರು ಒಡಸ್ಯಾರ. ಇನ್ನೂ 11 ಉಳದಾವ. ಆರಿದ್ರಾ ಮಳಿ ಬರೂದಕ್ಕ ಹದಿನೈದು ದಿನಾನೂ ಇಲ್ಲ. ಶನಿವಾರ ಮಧ್ಯಾಹ್ನ ಮೂರಕ್ಕ ಎಲ್ಲಾರೂ ಕಾಕು ಮನಿಗೆ ಬರ್ರಿ. ಗವಂಡಿಗೆ ಹೇಳೇನಿ, ಒಂದ ದಿನಾ ನಾಕು ಮನೀದು ಮಾಡಿದ್ರ ಕೂಲಿ ಕಡಿಮಿ ತಗೋತಾನ. ಅರ್ಜಿನೂ ಬರದು ಇಟ್ಟೇನಿ, ಸಹಿ ಮಾಡ್ರಿ. ಚಹಾ ನಂದು. ಹಪ್ಪಳ ಮಾತ್ರ ಈ ವರ್ಷ ಕಾಕು ಮನ್ಯಾಗ ಇಲ್ಲ, ನಿಮ್ಮ ನಿಮ್ಮ ಡಬ್ಬಿಯಿಂದ ನಾಕ್ನಾಕು ತರ್ರಿ, ಅವರಿಗೆ ಕೊಟ್ಟು ಬರೂಣು.