ಉಳಿದುಹೋದ ನಾಯಿ

ನಾಯಿಯನ್ನು ಕುರಿತು ಬರೆಯುವವರಲ್ಲಿ ಬಹುಮಂದಿ ತಮ್ಮ ಮನೆಯ ನಾಯಿಯನ್ನು ಕುರಿತೇ ಬರೆಯುತ್ತಾರೆ. ನಾನೂ ಹಾಗೆಯೇ ಬರೆಯೋಣವೆಂದು ಕುಳಿತೆ. ನಮ್ಮ ರಾಜನ ಗುಣಗಾನಕ್ಕೆ ಸಾಮಗ್ರಿಯ ಕೊರತೆಯೇನೂ ಇಲ್ಲ. ಅವನು ಬಚ್ಚಲಿನ ಹಂಡೆಯ ಒಲೆಯ ಮುಂದೆ ಗೋಣಿಯ ಮೇಲೆ ಮಲಗುತ್ತಾನೆ. ಮಳೆಗಾಲದಲ್ಲಿ ತೋಟ ಸುತ್ತಿ ಬಂದನೆಂದರೆ ತಾನಾಗಿಯೇ ಕಾಲು ಮುಂದೆ ನೀಡಿ, ಬೆರಳ ಸಂದಿಯ ಜಿಗಣೆಗಳನ್ನೆಲ್ಲ ತೆಗೆಯುವವರೆಗೆ ಕದಲುವುದಿಲ್ಲ. ಮನೆಯ ಬೆಕ್ಕಿಗೆ ಹೆದರುತ್ತಾನೆ. ಆದರೆ ಹೆದರಿದ್ದು ಯಾರಿಗೂ ತಿಳಿಯಬಾರದೆಂದು ಅದು ಎದುರಿಗೆ ಬಂದಾಗ ಏನೋ ಕೆಲಸವಿದ್ದವನಂತೆ ಬೇರೆ ಕಡೆ ನೋಡುತ್ತಾನೆ. ಇಷ್ಟು ಬರೆಯುವ ಹೊತ್ತಿಗೆ ಮತ್ತೊಂದು ನಾಯಿ ಬಂದು ಕಾಗದದ ಅಂಚಿನಲ್ಲಿ ಕುಳಿತಿತು. ಅದು ನಮ್ಮದಲ್ಲ. ನಮ್ಮದಲ್ಲವೆಂದು ನಾನೇ ಹೇಳಿದ್ದೆ.

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ಈ ಗುಡ್ಡಗಳಲ್ಲಿ ಒಂದು ಮನೆಯ ದೀಪ ಇನ್ನೊಂದು ಮನೆಗೆ ಕಾಣುವುದು ಅಪರೂಪ. ನೆರೆಯಲ್ಲಿ ಜನರಿದ್ದಾರೆ ಎಂಬುದಕ್ಕೆ ರಾತ್ರಿಯಲ್ಲಿ ಸಾಕ್ಷಿ ನುಡಿಯುವುದು ಅಲ್ಲಿಯ ನಾಯಿಯ ಬೊಗಳು. ಹೀಗಿರುವಲ್ಲಿ ನಾಯಿ ಸಾಕುವುದನ್ನು ಶೋಕಿಯೆನ್ನಲಾಗದು. ನಮ್ಮ ಸಾಹಿತ್ಯವೂ ಇದನ್ನು ಬಲ್ಲುದು. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಓದಿದವರು ಹಾರುವ ಓತಿಯೊಡನೆ ಕಿವಿಯೆಂಬ ನಾಯಿಯನ್ನೂ ನೆನೆಯುತ್ತಾರೆ. ಅದಕ್ಕೂ ಹಿಂದೆ, 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯನನ್ನು ಮರೆಯುವುದುಂಟೆ? ಹುಲಿಯ ಹೆಗ್ಗಡೆಯವರ ಉಪ್ಪರಿಗೆಯ ನಾಯಿಯಲ್ಲ. ಗುತ್ತಿಯೆಂಬ ಆಳಿನ ನಾಯಿ. ಪುಸ್ತಕದಲ್ಲಿ ಆಳಿನ ನಾಯಿಗಾಗಿ ಕಣ್ಣೀರಿಟ್ಟವರಲ್ಲಿ ನಾನೂ ಒಬ್ಬ.

ಹದಿನೈದು ವರ್ಷದ ಹಿಂದೆ ನಮ್ಮಲ್ಲಿದ್ದವಳು ಜೂಲಿ. ರಾತ್ರಿ ಅವಳನ್ನು ಜಗಲಿಯ ಕಂಬಕ್ಕೆ ಕಟ್ಟುವುದು ವಾಡಿಕೆ. ಕಾವಲಿನ ನಾಯಿ ಒಳಗೆ ಮಲಗಿದರೆ ಅದೆಂಥ ಕಾವಲು ಎಂಬುದು ನನ್ನ ತರ್ಕ. ಆಷಾಢದ ಒಂದು ರಾತ್ರಿ, ಮಳೆಯ ಭೋರ್ಗರೆತದ ನಡುವೆ ಸರಪಳಿ ಒಮ್ಮೆ ಝಲ್ಲೆಂದಿತು. ಬೊಗಳುವುದಕ್ಕೂ ಅವಳಿಗೆ ಅವಕಾಶ ಸಿಕ್ಕಲಿಲ್ಲ. ಬೆಳಗ್ಗೆ ಕಂಬದಲ್ಲಿ ಸರಪಳಿಯಿತ್ತು. ಸರಪಳಿಯ ತುದಿಯಲ್ಲಿ ಹರಿದ ಕೊರಳಪಟ್ಟಿ. ಚಿರತೆಯನ್ನು ಬೈದು ಫಲವೇನು? ಮಹಾರಾಷ್ಟ್ರದ ಅಕೋಲೆಯ ಕಡೆ ಚಿರತೆಗಳ ಹಿಕ್ಕೆಯನ್ನು ಪರೀಕ್ಷಿಸಿದ ಸಂಶೋಧಕರು ಅವು ತಿಂದ ಆಹಾರದ ತೂಕದಲ್ಲಿ ನೂರಕ್ಕೆ 39ರಷ್ಟು ನಾಯಿಯೇ ಎಂದು ಕಂಡರು. ಕಟ್ಟಿಹಾಕಿದ ನಾಯಿಯೆಂದರೆ ಚಿರತೆಗೆ ಬಡಿಸಿಟ್ಟ ಎಲೆ. ಬಡಿಸಿದವನು ನಾನು. ಅಂದಿನಿಂದ ನಮ್ಮಲ್ಲಿ ಹೊತ್ತು ಮುಳುಗಿದರೆ ನಾಯಿ ಒಳಗೆ, ಬಾಗಿಲಿಗೆ ಅಗುಳಿ. ಇಷ್ಟನ್ನು ಕಲಿತೆನಲ್ಲಾ ಎಂದು ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಹೆಮ್ಮೆ ಮುರಿದದ್ದು ಮೂರು ವರ್ಷದ ಹಿಂದೆ. ಕಾಫಿ ಹಣ್ಣಿನ ಕುಯ್ಲಿಗೆ ಊರಿನ ಆಳು ಸಾಲದು. ಬಯಲುಸೀಮೆಯಿಂದ ಬರುತ್ತಾರೆ, ಈಗೀಗ ಅಸ್ಸಾಮಿನಿಂದಲೂ ಬರುತ್ತಾರೆ. ಬಯಲುಸೀಮೆಯ ಒಂದು ಸಂಸಾರ ಕುಯ್ಲಿಗೆಂದು ಬಂದು, ಗಿಡಕಸಿಗೂ ನಿಂತು, ವರ್ಷಕ್ಕೆ ಮೇಲೆ ನಮ್ಮ ಲೈನಿನಲ್ಲಿತ್ತು. ಆ ಮನೆಯ ಮಕ್ಕಳು ಎಲ್ಲಿಂದಲೋ ಒಂದು ಮರಿಯನ್ನು ತಂದು ಬೆಳ್ಳಿಯೆಂದು ಕರೆದರು. ತಮ್ಮ ತಟ್ಟೆಯ ಮುದ್ದೆಯಲ್ಲಿ ಅದಕ್ಕೆ ಪಾಲು ಕೊಟ್ಟು ಬೆಳೆಸಿದರು. ಮುಂದಿನ ಕುಯ್ಲು ಮುಗಿದ ಮೇಲೆ ಸಾಮಾನು ಕಟ್ಟಿ ಲಾರಿ ಹತ್ತಿದರು. ನಾಯಿ ಕೆಳಗೆ ಉಳಿಯಿತು. “ನಾಯೀನ ಲಾರಿಯೋರು ಹತ್ತಿಸ್ಕಳಲ್ಲ ಗೌಡ್ರೇ. ಊರಾಗೆ ನಮಗೇ ನೆಲೆ ಇಲ್ಲ, ಇದನ್ನ ಎಲ್ಲಿಗೆ ಒಯ್ಯಾನ?” ಎಂದಳು ಆ ತಾಯಿ. ಮಕ್ಕಳು ಅಳುತ್ತಿದ್ದರು. ಲಾರಿಯ ಹಿಂದೆ ತಿರುವಿನವರೆಗೆ ಓಡಿಹೋದ ಬೆಳ್ಳಿ ಅಲ್ಲಿಯೇ ಕುಳಿತಿತು. ಎರಡು ದಿನ ಕುಳಿತೇ ಇತ್ತು.

“ಅನ್ನ ಹಾಕಬೇಡ, ಹಾಕಿದರೆ ನಮಗೇ ಅಂಟಿಕೊಳ್ಳುತ್ತದೆ,” ಎಂದು ನಾನು ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ನನಗೆ ತಿಳಿಯದಂತೆ ಹಾಕುತ್ತಿದ್ದಳೆಂಬುದು ಬಳಿಕ ಗೊತ್ತಾಯಿತು. ಮೂರನೆಯ ದಿನ ಬೆಳ್ಳಿ ಕಾಫಿ ಒಣಗಿಸುವ ಕಣದ ಮೂಲೆಗೆ ಬಂದು ಮಲಗಿತು. ಯಾರೂ ನೇಮಿಸಲಿಲ್ಲ, ಸಂಬಳವಿಲ್ಲ. ರಾತ್ರಿಯೆಲ್ಲ ನಮ್ಮ ಕಣವನ್ನು ಕಾಯಿತು. ಹಂದಿ ಬಂದರೆ ಒಂದು ಬಗೆ, ಮನುಷ್ಯರು ಬಂದರೆ ಒಂದು ಬಗೆ ಬೊಗಳುತ್ತಿತ್ತು. ಹಾಸಿಗೆಯಲ್ಲಿಯೇ ಮಲಗಿ ವ್ಯತ್ಯಾಸ ತಿಳಿದು, ನಾನು ನಿಶ್ಚಿಂತೆಯಿಂದ ಮಗ್ಗುಲು ಬದಲಿಸುತ್ತಿದ್ದೆ.

ಒಂದು ರಾತ್ರಿ ಆ ಎರಡೂ ಅಲ್ಲದ ಬೊಗಳು ಕೇಳಿಸಿತು. ಕಣದಿಂದ ಅಂಗಳಕ್ಕೆ, ಅಂಗಳದಿಂದ ನಮ್ಮ ಬಾಗಿಲಿಗೆ ಬಂತು. ಒಳಗಿನಿಂದ ರಾಜ ಬಾಗಿಲನ್ನು ಕೆರೆಯುತ್ತಿದ್ದ. ನಾನು ಬ್ಯಾಟರಿ ಹಿಡಿದು ಎದ್ದು ಅಗುಳಿಯ ಮೇಲೆ ಕೈಯಿಟ್ಟೆ. ತೆಗೆಯಲಿಲ್ಲ. “ಸುಮ್ಮನಿರೋ” ಎಂದು ರಾಜನನ್ನು ಗದರಿದೆ. ಸ್ವಲ್ಪ ಹೊತ್ತಿಗೆ ಹೊರಗೂ ಸುಮ್ಮನಾಯಿತು. ಬೆಳಗ್ಗೆ ನೋಡಿದರೆ, ಹರವಿದ ಕಾಫಿಯ ನಡುವೆ ಏನನ್ನೋ ಎಳೆದುಕೊಂಡು ಹೋದ ಒಂದು ಸಾಲು, ಬೇಲಿಯವರೆಗೆ. ಮೇಸ್ತ್ರಿ ನನ್ನ ಮುಖ ನೋಡಿ, “ನಮ್ಮ ನಾಯಿ ಅಲ್ವಲ್ಲ, ಬಿಡಿ ಗೌಡ್ರೇ” ಎಂದ. ಸಮಾಧಾನಕ್ಕಾಗಿ ಹೇಳಿದ ಮಾತು. ಆದರೆ ಅದು ನನ್ನದೇ ಮಾತಾಗಿತ್ತು.

ಮಹಾಭಾರತದಲ್ಲಿ ಧರ್ಮರಾಯನ ಹಿಂದೆ ಹೋದ ನಾಯಿ ಕಡೆಗೆ ಯಮಧರ್ಮನಾಯಿತು. ನಾಯಿಗೆ ಮನ್ನಣೆ ಸಿಕ್ಕಬೇಕಾದರೆ ಅದು ದೇವರಾಗಬೇಕೇನೋ! ನನಗೆ ಅದಕ್ಕಿಂತ ಹಿಡಿಸುವುದು ಮದ್ದೂರು ಸೀಮೆಯ ಆತಕೂರಿನ ಶಾಸನ. ಕ್ರಿ.ಶ. 949–50ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಬೇಕಾದುದನ್ನು ಬೇಡೆಂದಾಗ, ಆತ ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನೆಡಿಸಿದರು, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂದು ಕೆತ್ತಿಸಿದರು. ಕಾಳಿ ಕಲ್ಲಿನಲ್ಲಿಯೂ ನಾಯಿಯಾಗಿಯೇ ಉಳಿದಿದೆ. ಸತ್ತ ನಾಯಿಯ ಮುಂದಿಡದೆ ಉಣ್ಣಬಾರದೆಂದು ಕಟ್ಟು ಮಾಡಿದ ನಾಡಿನಲ್ಲಿ, ಬದುಕಿರುವ ನಾಯಿಗೆ ಅನ್ನ ಹಾಕಬೇಡವೆಂದವನು ನಾನು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಯಾರ ಅಂಗಳವನ್ನು ನಾಯಿ ಕಾಯುತ್ತದೆಯೋ ಆ ನಾಯಿ ಅವರದು. ಮರಿ ತಂದವರು ಯಾರೆಂಬುದು ಬೇರೆ ಮಾತು. ಕುಯ್ಲಿನ ಲೆಕ್ಕಪುಸ್ತಕದಲ್ಲಿ ಆಳುಗಳ ಹೆಸರಿನ ಕೆಳಗೆ ಲೈನಿನ ನಾಯಿಗಳ ಲೆಕ್ಕವನ್ನೂ ಬರೆದಿಡುವುದು ಕಷ್ಟವೇನಲ್ಲ. ರಾಜನಿಗೆ ಚುಚ್ಚುಮದ್ದು ಹಾಕಿಸಲು ಪಶುವೈದ್ಯರಲ್ಲಿಗೆ ಹೋಗುವ ಜೀಪಿನಲ್ಲಿ ಅವಕ್ಕೂ ಸ್ಥಳವುಂಟು. ಜಗತ್ತಿನಲ್ಲಿ ಹುಚ್ಚುನಾಯಿ ರೋಗದಿಂದ ಸಾಯುವವರಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ ನಮ್ಮ ದೇಶದವರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಈ ರೋಗ ಬಂಗಲೆ, ಲೈನು ಎಂದು ಭೇದವೆಣಿಸುವುದಿಲ್ಲ. ಸಂತಾನಹರಣ ಚಿಕಿತ್ಸೆಯೂ ಆಗಬೇಕು. ಮರಿ ಹಾಕಿಸಿ ದಾರಿಯಲ್ಲಿ ಬಿಟ್ಟುಬರುವ ಪ್ರೀತಿಯನ್ನು ನಾನು ಪ್ರೀತಿಯೆನ್ನಲಾರೆ.

“ಲೈನಿನ ಮನುಷ್ಯರಿಗೇ ಸರಿಯಾದ ಮನೆಯಿಲ್ಲ, ನಿಮಗೆ ನಾಯಿಯ ಚಿಂತೆ!” ಎಂದು ಮಿತ್ರರೊಬ್ಬರು ಛೀಮಾರಿ ಹಾಕಿದರು. ಮಾತು ನ್ಯಾಯವಾದುದು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳ್ಳಿಯ ಸಂಸಾರವಿದ್ದ ಕೋಣೆಯನ್ನು ಹೋಗಿ ನೋಡಿದೆ. ಬಾಗಿಲಿನ ಕೆಳಹಲಗೆ ಕೊಳೆತು ಒಂದು ಗೇಣು ಸಂದಿಯಾಗಿತ್ತು. ಚಿಲಕವಿರಲಿಲ್ಲ, ಚಿಲಕವಿದ್ದ ಜಾಗದಲ್ಲಿ ಗೋಣಿಯ ಹುರಿ. ನಾಯಿಯನ್ನು ರಾತ್ರಿ ಒಳಗೆ ಕೂಡಿಕೊಳ್ಳಬೇಕೆಂದು ಅವರು ಬಯಸಿದ್ದರೂ ಆಗುತ್ತಿರಲಿಲ್ಲ. ಆ ಹುರಿಯ ಹಿಂದೆ ಎರಡು ಮಕ್ಕಳು ವರ್ಷವಿಡೀ ಮಲಗಿದ್ದವು. ತೋಟದ ಕೂಲಿಯವರಿಗೆ ಮನೆ ಕೊಡಬೇಕೆಂಬ ಕಾನೂನು 1951ರಲ್ಲಿಯೇ ಬಂದಿತು. ದೊಡ್ಡ ತೋಟಗಳಿಗೆ ಬಂದ ಕಾನೂನು, ನಮ್ಮದು ಸಣ್ಣ ಹಿಡುವಳಿ ಎಂದು ನಾನು ತಪ್ಪಿಸಿಕೊಳ್ಳಬಹುದು. ಆದರೆ ನಮ್ಮ ಗುಡ್ಡದ ಚಿರತೆ ಎಕರೆಯ ಲೆಕ್ಕ ಕೇಳುವುದಿಲ್ಲ.

ಈ ಸಲದ ಕುಯ್ಲಿಗೆ ಎರಡು ಸಂಸಾರ ಬಂದಿವೆ. ಒಂದು ಹುಡುಗಿಯ ಶಾಲಿನೊಳಗಿನಿಂದ ಕಂದುಬಣ್ಣದ ಮೂತಿಯೊಂದು ಇಣುಕುತ್ತಿತ್ತು. ಹೆಸರೇನೆಂದು ಕೇಳಿದರೆ ಇನ್ನೂ ಇಟ್ಟಿಲ್ಲವೆಂದಳು. ಲೈನಿನ ಐದು ಬಾಗಿಲುಗಳ ಅಳತೆಯನ್ನು ಬಡಗಿಗೆ ಕೊಟ್ಟಿದ್ದೇನೆ. ಮೂರಕ್ಕೆ ಚಿಲಕ ಬಿದ್ದಿದೆ. ಉಳಿದೆರಡಕ್ಕೆ ನಾಳೆ ಬರುತ್ತೇನೆಂದು ಹೇಳಿ ಹೋಗಿದ್ದಾನೆ. ಮಲೆನಾಡಿನ ಬಡಗಿಯ ನಾಳೆ ಎಂಥದೆಂಬುದನ್ನು ಈ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಅಲ್ಲಿಯವರೆಗೆ ಆ ಮರಿ ರಾತ್ರಿ ನಮ್ಮ ಬಚ್ಚಲಿನಲ್ಲಿ, ರಾಜನ ಗೋಣಿಯ ಮೇಲೆ ಮಲಗುತ್ತಿದೆ. ರಾಜ ಬೇರೆ ಕಡೆ ನೋಡುತ್ತಾನೆ.