ಜಾಮಾದ ಎಂಜಿನ್ನನ್ನು ಭಂಗಾರಕ್ಕೆ ಹಾಕುವ ಮುನ್ನ

ನಮ್ಮ ಜತ್ತ ಭಾಗದಲ್ಲಿ ಬಾವಿಗಳಿಗೆ ವಿದ್ಯುತ್ ಪಂಪು ಬಂದ ಮೇಲೆ ಹಳೆಯ ಡೀಸೆಲ್ ಎಂಜಿನ್ನುಗಳನ್ನು ಕೇಳುವವರಿಲ್ಲದಂತಾಗಿದೆ. ಮೇಲಿನ ತಗಡು ಹಾರಿಹೋದರೂ ಯಾರೂ ನೋಡುವುದಿಲ್ಲ. ಎರಡು ಮಳೆಗಾಲ ಕಳೆದು, ಜೋಳ ಹೊಡೆಯಲ್ಲಿರುವಾಗ ಟ್ರಾನ್ಸ್‌ಫಾರ್ಮರು ಸುಟ್ಟಿತೆಂದರೆ ಎಂಜಿನ್ನು ನೆನಪಾಗುತ್ತದೆ. ಹ್ಯಾಂಡಲ್ ಹಾಕಿದರೆ ಗಾಲಿ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಮರುದಿನವೇ ಭಂಗಾರದವನು ತಕ್ಕಡಿಯೊಡನೆ ಬಂದು ನಿಲ್ಲುತ್ತಾನೆ; ಅವನಿಗೆ ಸುದ್ದಿ ಹೇಗೆ ಮುಟ್ಟುತ್ತದೋ ದೇವರೇ ಬಲ್ಲ. ತಿರುಗದ ಎಂಜಿನ್ನೆಲ್ಲ ಸತ್ತ ಎಂಜಿನ್ನಲ್ಲ. ಅದನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಮೊದಲು ಹದಿನೈದು ದಿನ ಎಣ್ಣೆ ಹಾಕಿ ಕಾಯಬೇಕೆಂದು ನನ್ನ ಅಭಿಪ್ರಾಯ.

ಬೆಳೆ ಒಣಗುವಾಗ ಹದಿನೈದು ದಿನ ಎಲ್ಲಿಂದ ತರೋಣ ಎಂದು ಕೇಳಬಹುದು. ಮಾತು ಸರಿ. ಆ ಒಂದು ನೀರಿಗೆ ನೆರೆಯವರ ಎಂಜಿನ್ನನ್ನು ಬಾಡಿಗೆಗೆ ತನ್ನಿರಿ. ಅವಸರದ ಬೆಲೆ ಆ ಬಾಡಿಗೆಗಿಂತ ಹೆಚ್ಚು ಎಂಬುದನ್ನು ನಾನು 2024ರ ಹಿಂಗಾರಿಯಲ್ಲಿ ಕೈಯಾರೆ ಕಲಿತೆನು. ಹ್ಯಾಂಡಲಿಗೆ ಉದ್ದ ಪೈಪು ತೊಡಿಸಿ ಮೂವರು ಜಗ್ಗಿದೆವು; ಆಗಲಿಲ್ಲ. ಹೆಡ್ ಬಿಚ್ಚಿದೆವು. ಪಕ್ಕದ ಹೊಲದವರು, “ಎರಡ ಏಟ ಹಾಕ್ರಿ ಮಾಸ್ತರ, ತಾನ ಬಿಡತೈತಿ” ಎಂದರು. ಕಬ್ಬಿಣದ ಸಲಾಕೆಯಿಟ್ಟು ಹೊಡೆದೆನು. ಪಿಸ್ಟನ್ನಿನ ತಲೆ ಸೀಳಿತೇ ಹೊರತು ಅದು ಜಾಗ ಬಿಡಲಿಲ್ಲ. ಶಾಲೆಯಲ್ಲಿ ಹುಡುಗರಿಗೆ ತಾಳ್ಮೆ ಹೇಳುವವನು ನಾನೇ!

ಎಂಜಿನ್ನು ಏಕೆ ಹಿಡಿಯುತ್ತದೆಂದು ತಿಳಿದರೆ ಯಾರೂ ಹೊಡೆಯಲಾರರು. ಬಾಯಿ ತೆರೆದ ಸೈಲೆನ್ಸರಿನಿಂದ ಮಳೆನೀರು ಇಳಿಯುತ್ತದೆ. ವಾಲ್ವು ತೆರೆದು ನಿಂತಿದ್ದರೆ ನೇರವಾಗಿ ಸಿಲಿಂಡರು ಸೇರುತ್ತದೆ. ಪಿಸ್ಟನ್ನಿನ ರಿಂಗುಗಳೂ ಸಿಲಿಂಡರಿನ ಗೋಡೆಯೂ ಬೀಡುಕಬ್ಬಿಣ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಅವೆರಡರ ನಡುವೆ ಬೆಣೆ ಬಡಿದಂತೆ ಕೂಡುತ್ತದೆ. ಅಲ್ಲಿಗೆ ಹೋಗಬೇಕಾದುದು ಎಣ್ಣೆ.

ಕೆಲವರು ಎಂಜಿನ್ನಿನ ಬುಡಕ್ಕೆ ಬೆಂಕಿ ಹಾಕುತ್ತಾರೆ. ಇದು ಸರ್ವಥಾ ತಪ್ಪು. ಈಗಿನ ಪಿಸ್ಟನ್ನುಗಳು ಬಹುತೇಕ ಅಲ್ಯೂಮಿನಿಯಮ್ಮಿನವು. ಅದೇ ಕಾವಿಗೆ ಅಲ್ಯೂಮಿನಿಯಮ್ಮು ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಿಡಿತ ಬಿಗಿಯಾಗುತ್ತದೆಯೇ ಹೊರತು ಸಡಿಲಾಗದು. ಒಳಗಿನ ಎಣ್ಣೆಗೆ ಬೆಂಕಿ ತಗುಲಿದರೆ ಆ ಕಥೆ ಬೇರೆ. ಕಾವು ಬೇಕೆಂದರೆ ಸಿಲಿಂಡರಿನ ಸುತ್ತಲಿನ ನೀರಿನ ಜಾಗಕ್ಕೆ ಬಿಸಿನೀರು ತುಂಬಿರಿ. ಗೋಡೆ ಮೊದಲು ಕಾಯುತ್ತದೆ, ಪಿಸ್ಟನ್ನು ತಡವಾಗಿ. ಆ ನಡುವಿನ ಹೊತ್ತಿನಲ್ಲಿ ಗಾಲಿ ಅಲುಗಿಸಬೇಕು.

ಮರುವರ್ಷ ನಮ್ಮ ಮಾವನವರ ಎಂಜಿನ್ನು ಹೀಗೆಯೇ ಹಿಡಿಯಿತು. ಈ ಸಲ ನಾನು ನೋಝಲ್ ಬಿಚ್ಚಿ, ಆ ತೂತಿನೊಳಗೆ ಅರ್ಧ ಡೀಸೆಲ್ಲು ಅರ್ಧ ಎಂಜಿನ್ ಎಣ್ಣೆ ಬೆರೆಸಿ ಒಂದು ಕಪ್ಪು ಹೊಯ್ದೆನು. ಮೊದಲೆರಡು ದಿನ ಎಣ್ಣೆ ಇದ್ದಲ್ಲಿಯೇ ನಿಂತಿತ್ತು. ಮೂರನೆಯ ದಿನ ತುಸು ಇಳಿಯಿತು. ಅದೇ ಶುಭಲಕ್ಷಣ, ಕೆಳಗೆ ಜಿನುಗುತ್ತಿದೆಯೆಂದರ್ಥ. ಇಳಿದಷ್ಟು ಮತ್ತೆ ಹೊಯ್ದು, ಸಂಜೆಗೊಮ್ಮೆ ಗಾಲಿಯನ್ನು ಬರಿಗೈಯಿಂದ ಹಿಂದಕ್ಕೂ ಮುಂದಕ್ಕೂ ಒತ್ತಿ ನೋಡುತ್ತಿದ್ದೆನು. ಒಂಬತ್ತನೆಯ ದಿನ ಗಾಲಿ ಒಂದು ಬೆರಳು ಸರಿಯಿತು. ಅಲ್ಲಿಯೂ ಅವಸರ ಮಾಡದೆ ಹಿಂದೆ ಮುಂದೆ ಆಡಿಸುತ್ತ ಹೋದಂತೆ ಪೂರ್ಣ ಸುತ್ತು ಬಂದಿತು.

ಬಿಟ್ಟಿತೆಂದು ಕೂಡಲೇ ಚಾಲೂ ಮಾಡಬೇಡಿರಿ. ನೋಝಲ್ ತೆಗೆದಿಟ್ಟುಕೊಂಡೇ ಹತ್ತಾರು ಸುತ್ತು ತಿರುಗಿಸಿ, ಮೇಲಿನ ಎಣ್ಣೆಯೆಲ್ಲ ಹೊರಬೀಳಲಿ. ತೂತಿನೆದುರು ಮುಖ ಒಡ್ಡಬಾರದು. ಆ ಎಣ್ಣೆ ಒಳಗೆ ಉಳಿದರೆ ಪಿಸ್ಟನ್ನು ಮೇಲೇರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಕೆಳಗಿನ ಎಣ್ಣೆಗೆ ಡೀಸೆಲ್ಲು ಇಳಿದು ತೆಳುವಾಗಿರುತ್ತದೆ; ಅದನ್ನು ಚೆಲ್ಲಿ ಹೊಸದು ಹಾಕಬೇಕು.

ಹದಿನೈದು ದಿನಕ್ಕೂ ಬಿಡದಿದ್ದರೆ ಮಿಸ್ತ್ರಿಯನ್ನು ಕರೆಯಿರಿ. ಆದರೆ ಕೆಲಸ ಒಪ್ಪಿಸಿ ಮನೆಗೆ ಹೋಗದೆ ಪಕ್ಕದಲ್ಲಿ ನಿಲ್ಲಿರಿ. ರಾಡಿನ ಬೋಲ್ಟು ಕೆಳಗಿನಿಂದ ಬಿಚ್ಚಿ, ಸಿಲಿಂಡರಿನ ಮೇಲಂಚಿಗೆ ಕಟ್ಟಿದ ಕರಿಯನ್ನು ಕೆರೆದು, ಮರದ ತುಂಡಿನಿಂದಲೇ ಮೇಲಕ್ಕೆ ಒತ್ತಬೇಕು. ಯಂತ್ರದ ಸಹವಾಸ ನಮಗೆ ಹೊಸದೇನಲ್ಲ. ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಆದರೂ ಪಾನಾ ಹಿಡಿಯುವುದು ಮಿಸ್ತ್ರಿಯ ಕೆಲಸವೆಂಬ ಸಂಕೋಚ ನಮ್ಮ ಒಕ್ಕಲಿಗರಿಗೆ ಹೋಗಿಲ್ಲ.

ಆಯುಧಪೂಜೆಯಂದು ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚುತ್ತೇವೆ, ಕಾಯಿ ಒಡೆಯುತ್ತೇವೆ. ಪ್ರತಿ ಅಮಾವಾಸ್ಯೆಗೆ ಹತ್ತು ಸುತ್ತು ಕೈಯಿಂದ ತಿರುಗಿಸಲು ಹತ್ತು ನಿಮಿಷವೂ ಬೇಡ. ಮಾವನವರು ಈಗ ಸೈಲೆನ್ಸರಿನ ಬಾಯಿಗೆ ಹಳೆಯ ಹಾಲಿನ ಪುಡಿಯ ಡಬ್ಬಿ ಬೋರಲು ಹಾಕಿದ್ದಾರೆ. ಚಾಲೂ ಮಾಡುವ ಮೊದಲು ಅದನ್ನು ತೆಗೆಯಲು ಮಾತ್ರ ಎರಡು ಸಲ ಮರೆತರು.